ಕರಿ ಪ್ಲಾಸ್ಟಿಕ್ಕಿನ ಸುಲ್ತಾನ

ಸುಳ್ಳು ಹೇಳೋದ್ರಲ್ಲಿ ನನ್ನಷ್ಟು ಅನುಭವ ಇರುವವರು ಹೊನ್ನಾವರ ತಾಲೂಕಿನಲ್ಲಿ ಇನ್ನೊಬ್ಬರಿದ್ರೆ ಮುಂದೆ ಬರಲಿ, ನಾನು ಎದ್ದು ಕುರ್ಚಿ ಬಿಟ್ಟುಕೊಡ್ತೇನೆ. ಅರವತ್ತೆಂಟು ವರ್ಷದಲ್ಲಿ ಎಲ್ಲಾ ನಮೂನೆಯ ಸುಳ್ಳು ಹೇಳಿ ನೋಡಿದ್ದೇನೆ. ಗುಡ್ಡೆಯಲ್ಲಿ ಹುಲಿ ಬಂತು ಅಂದ್ರೆ ಜನ ಅರ್ಧ ದಿವಸ ನಂಬ್ತಾರೆ. ಸೊಸೈಟಿಗೆ ಸಕ್ಕರೆ ಬಂತು ಅಂದ್ರೆ ಚೀಲ ಹಿಡಿದುಕೊಂಡು ಹೋಗಿ ಬರುವವರೆಗೆ ನಂಬ್ತಾರೆ. ಆದ್ರೆ ಇನ್ನೂ ಬಾರದ ಗಾಡಿ ಬಗ್ಗೆ ಒಂದು ಸುಳ್ಳು ಹೇಳಿ ನೋಡಿ, ವರ್ಷಗಟ್ಟಲೆ ನಂಬ್ತಾರೆ. ಬಂದ ಗಾಡಿಯನ್ನಾದ್ರೆ ಮುಟ್ಟಿ ನೋಡಬಹುದು, ಬಾರದ ಗಾಡಿಯನ್ನ ಎಂತ ಮಾಡೋದು? ಹೆದ್ದಾರಿ ಇನ್ನೂ ಎರಡು ಬಸ್ಸು ಎದುರಾದ್ರೆ ಒಂದು ಮಣ್ಣಿಗೆ ಇಳಿಯುವಷ್ಟೇ ಅಗಲ ಇದ್ದ ಕಾಲ ಅದು. ನಮ್ಮ ಟೆಂಪೋ ಸ್ಟ್ಯಾಂಡಿನ ಕಟ್ಟೆ ಮೇಲೆ ದಿನಾ ಇಪ್ಪತ್ತು ಜನ ಕೂರ್ತಿದ್ರು. ಒಬ್ಬರಿಗೂ ಸ್ವಂತ ಕಾರಿರಲಿಲ್ಲ. ಆದ್ರೆ ಬರುವ ವರ್ಷದ ಗಾಡಿಗೆ ಹೆಡ್‌ಲೈಟ್ ದುಂಡಗಿರಬೇಕೋ ಉದ್ದಕ್ಕಿರಬೇಕೋ ಅಂತ ಕೇಳಿದ್ರೆ ಇಪ್ಪತ್ತೂ ಜನರ ಹತ್ರ ಅಭಿಪ್ರಾಯ ಇತ್ತು. ದುಂಡು ಪಾರ್ಟಿಯವರು ಉದ್ದ ಪಾರ್ಟಿಯವರಿಗೆ ಎಲೆಯಡಿಕೆ ಸಹ ಕೊಡ್ತಿರಲಿಲ್ಲ.

ನನ್ನ ಕಸುಬು ಗಾಡಿಗೆ ಬಾಡಿ ಕಟ್ಟೋದು. ಹೆದ್ದಾರಿ ಬದಿಗೆ ನನ್ನದೊಂದು ತಗಡಿನ ಶೆಡ್ಡು. ಕಂಪನಿಯಿಂದ ಬರೀ ಚಾಸಿ ಬರ್ತದೆ. ಚಾಸಿ ಅಂದ್ರೆ ಎರಡು ಉದ್ದ ಕಬ್ಬಿಣದ ಪಟ್ಟಿ, ನಾಲ್ಕು ಚಕ್ರ, ಒಂದು ಇಂಜಿನು, ಒಂದು ಸ್ಟೇರಿಂಗು. ತರುವ ಡ್ರೈವರ್ ಒಂದು ಹಲಗೆ ಮೇಲೆ ಕೂತು, ತಲೆಗೆ ಟವೆಲ್ ಸುತ್ತಿಕೊಂಡು, ಗಾಳಿಗೆ ಕಣ್ಣು ಕೆಂಪು ಮಾಡಿಕೊಂಡು ಬರ್ತಾನೆ. ಅದರ ಮೇಲೆ ನಾನು ಸೀಟು ಹಾಕಿದ್ರೆ ಪ್ಯಾಸೆಂಜರ್ ಟೆಂಪೋ. ತಗಡು ಬಡಿದ್ರೆ ಮೀನಿನ ಗಾಡಿ. ಬಿಳಿ ಬಣ್ಣ ಹೊಡೆದು ನೆತ್ತಿ ಮೇಲೆ ದೀಪ ಇಟ್ರೆ ಆಂಬುಲೆನ್ಸು. ಒಂದು ಸಲ ಐದು ವರ್ಷ ಬಂಗುಡೆ ಹೊತ್ತ ಗಾಡಿಯ ಬಾಡಿ ಬಿಚ್ಚಿ, ಅದೇ ಚಾಸಿ ಮೇಲೆ ಕೆಂಪು ರೆಕ್ಸಿನ್ ಸೀಟು ಹಾಕಿ ದಿಬ್ಬಣದ ಗಾಡಿ ಮಾಡಿ ಕೊಟ್ಟೆ. ಮೂರು ಸಲ ಸೋಪಿನ ನೀರು, ಎರಡು ಕೋಟು ಪೇಂಟು, ಒಂದು ಬಾಟ್ಲಿ ಗುಲಾಬಿ ಅತ್ತರು. ಮನುಷ್ಯರಿಗೆ ಯಾರಿಗೂ ಗೊತ್ತಾಗಲಿಲ್ಲ. ಹಳದೀಪುರದಲ್ಲಿ ದಿಬ್ಬಣ ಇಳಿಯುವಾಗ ಮಾತ್ರ ಗಾಡಿ ಹಿಂದೆ ಏಳು ಬೆಕ್ಕು ಸಾಲಾಗಿ ಕೂತಿದ್ವು. ಇದು ಶುಭ ಶಕುನ, ನಮ್ಮ ಕಡೆ ದೊಡ್ಡ ಮನೆತನದ ಮದುವೆಗೆ ಮಾತ್ರ ಬೆಕ್ಕು ಬರ್ತದೆ ಅಂತ ಹೇಳಿದೆ. ಗಂಡಿನ ತಾಯಿ ಬೆಕ್ಕುಗಳಿಗೆ ಹಾಲು ಹಾಕಿಸಿದ್ರು.

ಇನ್ನು ನನ್ನ ಹೆಂಡತಿ ತಮ್ಮ ಶಂಕರನ ವಿಷಯ. ಕುಮಟೆಯ ಪೇಟೆಯಲ್ಲಿ ಅವನದ್ದು ಬಟ್ಟೆ ಅಂಗಡಿ. ಮನುಷ್ಯ ಒಳ್ಳೆಯವನು, ಆದ್ರೆ ನನ್ನನ್ನ ಕಂಡ್ರೆ ಅವನಿಗೆ ತನ್ನ ಅಂಗಡಿಯ ದೊಡ್ಡಸ್ತಿಕೆ ನೆನಪಾಗ್ತದೆ, ಅವನನ್ನ ಕಂಡ್ರೆ ನನಗೆ ನಾಲಿಗೆ ತುರಿಸ್ತದೆ. ಭಾವ ಭಾವಮೈದ ಅಂದ್ಮೇಲೆ ಇಷ್ಟಕ್ಕಾದ್ರೂ ಹಕ್ಕು ಇರಬೇಕಲ್ಲ. ಇವ ಒಂದು ದೊಡ್ಡ ಗಾಡಿ ತಗೊಳ್ತೇನೆ ಅಂತ ಹೊರಟ. ಭಟ್ಕಳದ ಒಬ್ಬ ಸಾಹುಕಾರರ ಹತ್ರ ಅಂಥದ್ದು ಒಂದಿತ್ತು. ಅದರ ಇಂಗ್ಲಿಷ್ ಹೆಸರು ಹೇಳಲಿಕ್ಕೆ ಒಬ್ಬೊಬ್ಬರ ನಾಲಿಗೆ ಒಂದೊಂದು ಕಡೆ ಹೊರಳ್ತಿದ್ದದ್ರಿಂದ ನಾವೆಲ್ಲ ಅದನ್ನ ಸುಲ್ತಾನ ಅಂತಿದ್ವಿ. ಅದು ರಸ್ತೆಯಲ್ಲಿ ಬಂದ್ರೆ ಎಮ್ಮೆಗಳು ಸಹ ತಾವಾಗಿ ಬದಿಗೆ ಸರೀತಿದ್ವು.

ಶಂಕರ ಶೋಕಿಗೆ ಹೊರಟಿದ್ದಲ್ಲ, ಅದನ್ನ ನಾನು ಒಪ್ಪಬೇಕು. ಅವನ ತಾಯಿಗೆ, ಅಂದ್ರೆ ನನ್ನ ಅತ್ತೆಗೆ, ಬೆಳಕೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಇಬ್ಬರೂ ಸಂತೆಗುಳಿಯಲ್ಲಿ ಒಟ್ಟಿಗೆ ಆಡಿ ಬೆಳೆದವರು. ಆ ಅಕ್ಕನ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗ್ತಾ ಬಂದಿತ್ತು. ಪೂರ್ತಿ ಹೋಗುವ ಮೊದಲು ಒಂದು ಸಲ ಬಂದು ಮುಖ ತೋರಿಸಿ ಹೋಗು ಅಂತ ಹೇಳಿ ಕಳಿಸಿದ್ರು. ಅತ್ತೆಗೆ ಬಸ್ಸು ಹತ್ತಿದ್ರೆ ಹೊಟ್ಟೆ ಒಪ್ಪೋದಿಲ್ಲ, ಧಾರೇಶ್ವರ ದಾಟುವ ಮೊದಲೇ ವಾಂತಿ. ರೈಲಿನ ಮೆಟ್ಟಿಲು ಹತ್ತಲಿಕ್ಕೆ ಮಂಡಿ ಒಪ್ಪೋದಿಲ್ಲ. ಸಣ್ಣ ಕಾರಿನಲ್ಲಿ ತಗ್ಗಿ ಕೂರಲಿಕ್ಕೆ ಸೊಂಟ ಒಪ್ಪೋದಿಲ್ಲ. ಡಾಕ್ಟರು ಎತ್ತರದ ಸೀಟು, ದೊಡ್ಡ ಕಿಟಕಿ, ಗಾಳಿ ಬೇಕು ಅಂದಿದ್ರು. ಅಂಥ ಗಾಡಿ ಅಂದ್ರೆ ಸುಲ್ತಾನ ಒಂದೇ ಅಂತ ಶಂಕರ ತೀರ್ಮಾನ ಮಾಡಿದ.

ಅದೇ ಸಮಯಕ್ಕೆ ನಾನು ಭಟ್ಕಳದಲ್ಲಿ ಒಂದು ಕಟಿಂಗ್ ಶಾಪಿನಲ್ಲಿ ಕೂತಿದ್ದೆ. ಗಲ್ಫಿನಿಂದ ಬಂದವರು ಯಾರೋ ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆ ಅಲ್ಲಿತ್ತು. ತೆರೆದು ನೋಡಿದ್ರೆ ಸುಲ್ತಾನನ ಚಿತ್ರ, ಪಕ್ಕದಲ್ಲಿ ಅದೇ ಕಂಪನಿಯ ಬಡಪಾಯಿ ಗಾಡಿಯೊಂದರ ಚಿತ್ರ, ಎರಡರ ಕೆಳಗೂ ಒಂದೇ ಚಾಸಿಯ ಚಿತ್ರ. ನನ್ನ ಇಂಗ್ಲಿಷ್ ಬಿಡಿಭಾಗದ ಡಬ್ಬಿ ಮೇಲಿನದ್ದು ಓದುವಷ್ಟೇ. ಪಕ್ಕದಲ್ಲಿ ಕೂತಿದ್ದ ಒಬ್ಬ ಮಾಸ್ತರರು ಓದಿ ಹೇಳಿದ್ರು. ಸುಲ್ತಾನನಿಗೆ ಹೊಸ ರೂಪ ಬರಬಹುದಂತೆ, ಮೂತಿ ಬದಲಾಗಬಹುದಂತೆ, ಖರ್ಚು ಉಳಿಸ್ಲಿಕ್ಕೆ ಎರಡು ಗಾಡಿಗೆ ಒಂದೇ ಪ್ಲಾಟ್‌ಫಾರ್ಮ್, ಅಂದ್ರೆ ಒಂದೇ ಚಾಸಿ, ಹಂಚಬಹುದಂತೆ. "ಇದೆಲ್ಲ ಬರೀ ಅಂದಾಜು, ಕಂಪನಿಯವರು ಬಾಯಿ ಬಿಟ್ಟಿಲ್ಲ" ಅಂತ ಮಾಸ್ತರರು ಎಚ್ಚರಿಕೆ ಸಹ ಕೊಟ್ರು. ಆ ಒಂದು ಪುಟದಲ್ಲಿ 'ಬಹುದು' ಅನ್ನೋ ಮಾತು ಹನ್ನೊಂದು ಸಲ ಇತ್ತು. ಭಟ್ಕಳದಿಂದ ಹೊನ್ನಾವರಕ್ಕೆ ಬರುವಷ್ಟರಲ್ಲಿ ಹನ್ನೊಂದನ್ನೂ ನಾನು ದಾರಿಯಲ್ಲೇ ಇಳಿಸಿ ಬಂದೆ. ನನಗೆ ಮುಖ್ಯವಾಗಿ ಸಂತೋಷ ಆದದ್ದು ಬೇರೆ ವಿಷಯಕ್ಕೆ. ಮೂವತ್ತು ವರ್ಷದಿಂದ ನಾನು ತಗಡಿನ ಶೆಡ್ಡಿನಲ್ಲಿ ಮಾಡ್ತಾ ಬಂದದ್ದನ್ನ ಪರದೇಶದ ಇಂಜಿನಿಯರುಗಳು ಈಗ ಕಲಿತಾ ಇದ್ದಾರೆ.

ಶಂಕರನಿಗೆ ಫೋನ್ ಮಾಡಿ ಹೇಳಿದೆ, "ಅವಸರ ಮಾಡಬೇಡ ಮಾರಾಯ. ಹೊಸ ಸುಲ್ತಾನ ಬರ್ತಾ ಇದೆ. ಆದ್ರೆ ಅದರ ಕೆಳಗೆ ಇರೋದು ಸಾಮಾನು ಹೊರುವ ಟೆಂಪೋದ ಚಾಸಿ."

"ಎಂತ ಹೇಳ್ತೀರಿ ಭಾವ! ಅಷ್ಟು ದೊಡ್ಡ ಗಾಡಿಯ ಕೆಳಗೆ ಟೆಂಪೋನಾ?"

"ನಿನಗೆ ಬೇಕಾದ್ರೆ ನಂಬು. ನಾ ಎಂತಕ್ಕೆ ಸುಳ್ಳು ಹೇಳ್ಲಿ?"

ಈ ಕೊನೆಯ ವಾಕ್ಯ ಕೇಳಿದ ಕೂಡ್ಲೇ ಅವ ಎಚ್ಚರ ಆಗಬೇಕಿತ್ತು. ಆಗಲಿಲ್ಲ. ಹಳೇದು ತಗೊಂಡ್ರೆ ನಾಳೆ ಹೊಸದು ಬರ್ತದೆ, ಹೊಸದಕ್ಕೆ ಕಾದ್ರೆ ಅದರ ಕೆಳಗೆ ಟೆಂಪೋ ಇರ್ತದೆ, ಈ ಸಂದಿಯಲ್ಲಿ ಸಿಕ್ಕಿಬಿದ್ದ. ನಾನೂ ತಿಂಗಳಿಗೊಂದು ಸುದ್ದಿ ಕಳಿಸ್ತಾ ಬಂದೆ. ಒಂದು ಸಲ ಹಿಂದಿನ ಬಾಗಿಲು ಮೇಲಕ್ಕೆ ಏಳ್ತದೆ ಅಂದೆ, ಇನ್ನೊಂದು ಸಲ ಪಕ್ಕಕ್ಕೆ ಜಾರ್ತದೆ ಅಂದೆ. ಎರಡು ಮಳೆಗಾಲ ಹೀಗೇ ಹೋಯ್ತು. ಅತ್ತೆ ಮಾತ್ರ ಬೆಳಕೆಗೆ ಅಂತ ಮಡಿಸಿಟ್ಟ ಸೀರೆ ಬಿಸಿಲಿಗೆ ಹಾಕಿ ಹಾಕಿ ಮತ್ತೆ ಮಡಿಸ್ತಾ ಇದ್ರು.

ಮೂರನೇ ವರ್ಷ ಶಂಕರ ಗಟ್ಟಿ ಮನಸ್ಸು ಮಾಡಿ ಹುಬ್ಬಳ್ಳಿಗೆ ಹೋಗಿ ಇದ್ದ ಮಾಡೆಲ್ಲನ್ನೇ ಬುಕ್ ಮಾಡಿ ಬಂದ. ಅಷ್ಟಕ್ಕೆ ಸುಮ್ಮನಿದ್ರೆ ಆಗ್ತಿತ್ತು. ಒಂದು ನಾಮಕರಣದ ಊಟದಲ್ಲಿ, ನೂರು ಜನ ಎಲೆ ಮುಂದೆ ಕೂತಿರುವಾಗ, "ನಮ್ಮ ಭಾವಂದು ಬರೀ ಬೊಗಳೆ. ಟೆಂಪೋಕ್ಕೆ ತಗಡು ಬಡಿಯುವವರಿಗೆ ಸುಲ್ತಾನನ ವಿಷಯ ಎಂತ ಗೊತ್ತು?" ಅಂದ. ಬೊಗಳೆ ಅಂದದ್ದಕ್ಕೆ ನನಗೆ ಬೇಜಾರಿಲ್ಲ, ಅದು ಇದ್ದ ವಿಷಯ. ತಗಡು ಅಂದದ್ದು ಎದೆಗೆ ತಾಗಿತು. ಪಾಯಸ ಎರಡನೇ ಸಲ ಹಾಕಿಸ್ಕೊಳ್ಳದೆ ಎದ್ದೆ.

ಗಾಡಿ ಕಂಪನಿಯವರು ಹೊಸ ಮಾಡೆಲ್ಲನ್ನ ರಸ್ತೆಗೆ ಬಿಡುವಾಗ ಯಾರಿಗೂ ರೂಪ ಗೊತ್ತಾಗಬಾರದು ಅಂತ ಮೈತುಂಬ ಕಪ್ಪು ಬಟ್ಟೆ ಸುತ್ತಿ ಓಡಿಸ್ತಾರೆ. ಅಂಥ ಒಂದು ಗಾಡಿ ಹಿಂದಿನ ವರ್ಷ ಶರಾವತಿ ಸೇತುವೆ ದಾಟಿ ಹೋದದ್ದನ್ನ ನಾವೇ ನೋಡಿದ್ವಿ. ನನ್ನ ವೆಲ್ಡರ್ ವೆಂಕ್ಟ್ರಮಣ, ಐವತ್ತು ದಾಟಿದ ಬೋಳುತಲೆಯವನು, "ದೃಷ್ಟಿ ಆಗಬಾರದು ಅಂತ ಇರಬೇಕು. ನಾವು ನಿಂಬೆಹಣ್ಣು ಕಟ್ತೇವೆ, ಅವರು ಮೈಗೇ ಕಟ್ಟಿಕೊಂಡಿದ್ದಾರೆ" ಅಂದಿದ್ದ. ಈಗ ನನ್ನ ಶೆಡ್ಡಿನಲ್ಲಿ ಒಂದು ತರಕಾರಿ ಗಾಡಿ ಅರ್ಧ ಕಟ್ಟಿ ನಿಂತಿತ್ತು. ಟೆಂಪೋ ಚಾಸಿ, ಮೇಲೆ ಬರೀ ಪೈಪಿನ ಅಸ್ಥಿಪಂಜರ. ಅದಕ್ಕೆ ಮಳೆಗಾಲದಲ್ಲಿ ಸೌದೆ ಮುಚ್ಚುವ ಕರಿ ಪ್ಲಾಸ್ಟಿಕ್ ಸುತ್ತಿ, ಹಳದಿ ಟೇಪಿನಲ್ಲಿ ಅಡ್ಡಾದಿಡ್ಡಿ ಗೆರೆ ಹಾಕಿಸಿದೆ. ಮೂತಿಗೆ ಪ್ಲೈವುಡ್ ಹೊಡೆದು ಒಂದು ಕಡೆ ದುಂಡು ತೂತು, ಇನ್ನೊಂದು ಕಡೆ ಉದ್ದ ತೂತು ಕೊರೆಸಿದೆ. ಟೆಂಪೋ ಸ್ಟ್ಯಾಂಡಿನ ಎರಡೂ ಪಾರ್ಟಿಯವರಿಗೆ ಅನ್ಯಾಯ ಆಗಬಾರದು. ಅತ್ತೆಯ ನೆನಪು ಆಗ ನನಗೆ ಬರಲಿಲ್ಲ ಅಂದ್ರೆ ಸುಳ್ಳಾಗ್ತದೆ. ಬಂತು. ಒಂದು ವಾರ ಆಟ ಆಡಿಸಿ ಆಮೇಲೆ ಹೇಳಿದ್ರೆ ಆತು ಅಂದುಕೊಂಡೆ.

ವೆಂಕ್ಟ್ರಮಣನಿಗೆ ನನ್ನ ರೇನ್‌ಕೋಟು, ಕಪ್ಪು ಕನ್ನಡಕ ಹಾಕಿಸಿ, ಯಾರು ಎಂತ ಕೇಳಿದ್ರೂ ಹಿಂದಿಯಲ್ಲೇ ಮಾತಾಡಬೇಕು ಅಂತ ಹೇಳಿ, ಆ ಗಾಡಿ ಕೊಟ್ಟು ಕುಮಟೆಗೆ ಕಳಿಸಿದೆ. ರತ್ನಾಗಿರಿಯಲ್ಲಿ ಬೋಟಿಗೆ ಹೋಗಿದ್ದವನು, ಹಿಂದಿ ಬರ್ತದೆ ಅಂದಿದ್ದ. ನಾನು ಮೊದಲೇ ಬಸ್ಸಿನಲ್ಲಿ ಹೋಗಿ ಶಂಕರನ ಅಂಗಡಿ ಎದುರಿನ ಕಟಿಂಗ್ ಶಾಪಿನಲ್ಲಿ ಮುಖಕ್ಕೆ ಸೋಪು ಹಚ್ಚಿಸ್ಕೊಂಡು ಕೂತೆ. ಕನ್ನಡಿಯಲ್ಲಿ ಇಡೀ ರಸ್ತೆ ಕಾಣ್ತಿತ್ತು. ಗಾಡಿ ಬಂದು ನಿಂತ ಎರಡೇ ನಿಮಿಷಕ್ಕೆ ಐವತ್ತು ಜನ. ಶಂಕರ ಅಳತೆ ಟೇಪು ಕುತ್ತಿಗೆಯಲ್ಲೇ ಇದ್ದ ಹಾಗೆ ಓಡಿ ಬಂದ.

"ಯೇ ಸುಲ್ತಾನ್ ಕಾ ನಯಾ ಮಾಡೆಲ್ ಹೈ ಕ್ಯಾ?"

"ಟೆಸ್ಟಿಂಗ್" ಅಂದ ವೆಂಕ್ಟ್ರಮಣ.

"ಕಬ್ ಆಯೇಗಾ ಬಜಾರ್ ಮೇ?" ಪೇಟೆಗೆ ಯಾವಾಗ ಬರ್ತದೆ ಅಂತ.

"ಟೆಸ್ಟಿಂಗ್."

"ಕಂಪನಿ ಕಾ ಆದ್ಮಿ ಹೈ ಆಪ್?"

ವೆಂಕ್ಟ್ರಮಣ ಬಹಳ ಹೊತ್ತು ವಿಚಾರ ಮಾಡಿ, "ಚಾಯ್" ಅಂದ. ಅವನ ಹಿಂದಿ ಅಲ್ಲಿಗೆ ಮುಗೀತು. ಯಾರೋ ಚಾ ತರಲಿಕ್ಕೆ ಓಡಿದ್ರು.

ಆಮೇಲೆ ಶಂಕರ ಮಾಡಿದ್ದನ್ನ ನಾನು ಲೆಕ್ಕ ಹಾಕಿರಲಿಲ್ಲ. ಅಂಗಡಿಯಿಂದ ಸೀರೆ ಬಾಕ್ಸಿನ ರಟ್ಟು ತಂದು, ಒದ್ದೆ ರಸ್ತೆ ಮೇಲೆ ಹಾಸಿ, ಬಿಳಿ ಶರ್ಟಿನಲ್ಲೇ ಅಂಗಾತ ಮಲಗಿ ಗಾಡಿ ಅಡಿಗೆ ಜಾರಿದ. ಕುಮಟೆಯ ಪ್ರತಿಷ್ಠಿತ ವ್ಯಾಪಾರಿಯ ಎರಡು ಪಾದ ಮಾತ್ರ ಹೊರಗೆ ಕಾಣ್ತಿತ್ತು. ವೆಂಕ್ಟ್ರಮಣನ ಚಾ ಮುಗಿಯುವವರೆಗೂ ಅಲ್ಲೇ ಇದ್ದ. ನನ್ನ ಕಥೆ ಮುಗೀತು, ಈಗ ಸಿಕ್ಕಿಬೀಳ್ತೇನೆ ಅಂತ ಕುರ್ಚಿಯಲ್ಲೇ ಕುಗ್ಗಿದೆ. ಅವ ಹೊರಗೆ ಬಂದ, ಹಣೆಗೆ ಗ್ರೀಸು. ಎರಡೂ ಕೈ ಎತ್ತಿ ಜನರಿಗೆ ಹೇಳಿದ, "ನಮ್ಮ ಭಾವ ಹೇಳಿದ್ದು ಖರೆ! ಕೆಳಗೆ ಟೆಂಪೋದ್ದೇ ಚಾಸಿ! ನಾ ಕಣ್ಣಾರೆ ನೋಡಿದೆ!"

ಕೂಡ್ಲೇ ನನ್ನ ಮೊಬೈಲು ಹೊಡ್ಕೊಂಡಿತು. "ಭಾವ, ತಪ್ಪಾಯ್ತು. ನಿಮ್ಮನ್ನ ನಂಬಬೇಕಿತ್ತು. ಎಲ್ಲಿದ್ದೀರಿ?" ಅವನ ದನಿ ಒಂದು ಕಿವಿಗೆ ಫೋನಿನಿಂದ, ಇನ್ನೊಂದು ಕಿವಿಗೆ ರಸ್ತೆಯಿಂದ ಕೇಳ್ತಿತ್ತು. "ಹೊನ್ನಾವರದಲ್ಲಿ, ಶೆಡ್ಡಿನಲ್ಲಿ" ಅಂದೆ, ಬಾಯಿಗೆ ಸೋಪು ಹೋಯ್ತು. ಸಂಜೆ ಒಳಗೆ ಅವ ಹುಬ್ಬಳ್ಳಿಗೆ ಫೋನ್ ಮಾಡಿ ಬುಕಿಂಗ್ ಕ್ಯಾನ್ಸಲ್ ಮಾಡಿಸಿದ. ಇಂಥ ಕಂಪನಿಯ ಯಾವ ಗಾಡಿಯೂ ಬೇಡ ಅಂತ.

ನಾನು ಮನೆಗೆ ಬರುವಾಗ ವೆಂಕ್ಟ್ರಮಣ ಮೊದಲೇ ಬಂದು ನನ್ನ ಹೆಂಡತಿ ಸುಮಿತ್ರನ ಹತ್ರ ಎಲ್ಲ ಹೇಳಿ ನಕ್ಕು ಹೋಗಿದ್ದ. ಅವಳು ನಗಲಿಲ್ಲ. ಬೈಯಲೂ ಇಲ್ಲ. ಬಟ್ಟಲು ಇಟ್ಟು, ಗಂಜಿ ಬಡಿಸಿ, ಗೋಡೆಗೆ ಹೇಳುವ ಹಾಗೆ ಹೇಳಿದ್ಲು, "ಬೆಳಕೆಯಿಂದ ಫೋನ್ ಬಂದಿತ್ತು. ದೊಡ್ಡಮ್ಮಂಗೆ ಬಲಗಣ್ಣು ಪೂರ್ತಿ ಹೋತಂತೆ. ಎಡಗಣ್ಣಿನಲ್ಲಿ ಹತ್ರ ಹಿಡಿದ್ರೆ ಚೂರು ಕಾಣ್ತದಂತೆ. ಶಂಕರ ಬುಕ್ ಮಾಡಿದ್ದ ಗಾಡಿ ಬರುವ ತಿಂಗಳು ಬರ್ತಿತ್ತು."

ಮಾರನೇ ದಿನ ಬೆಳಿಗ್ಗೆ ಮೊದಲ ಟೆಂಪೋಕ್ಕೆ ಕುಮಟೆಗೆ ಹೋಗಿ ಶಂಕರನ ಎದುರು ಕೂತು, ಹುಟ್ಟಿದಾರಭ್ಯ ಇಷ್ಟು ಖರೆ ಒಟ್ಟಿಗೆ ಹೇಳಿದ್ದಿಲ್ಲ, ಎಲ್ಲಾ ಹೇಳಿದೆ. ಅವ ಸೀರೆ ಮಡಿಸ್ತಾ ಪೂರ್ತಿ ಕೇಳಿದ.

"ಭಾವ, ಜೀವಮಾನದಲ್ಲಿ ಒಂದೇ ಒಂದು ಸಲ ನಿಮ್ಮ ಬಾಯಲ್ಲಿ ಸತ್ಯ ಬಂದಿತ್ತು. ಅದನ್ನೂ ಈಗ ಸುಳ್ಳು ಮಾಡ್ತೀರಾ?"

"ದೇವರಾಣೆ ಶಂಕರ, ಅದು ನನ್ನ ತರಕಾರಿ ಗಾಡಿ."

"ಕಂಪನಿಯವರು ಬಾಯಿ ಮುಚ್ಚಿಸಿದ್ರಾ? ಹೆದರಬೇಡಿ, ನಾ ಯಾರಿಗೂ ಹೇಳೋದಿಲ್ಲ."

ಅವನನ್ನ ಎಳೆದುಕೊಂಡು ಹೊನ್ನಾವರದ ಶೆಡ್ಡಿಗೆ ಕರ್ಕೊಂಡು ಬಂದೆ. ಪ್ಲಾಸ್ಟಿಕ್ ಎತ್ತಿ ಚಾಸಿ ತೋರಿಸಿದೆ, ನಂಬರ್ ತೋರಿಸಿದೆ, ವೆಂಕ್ಟ್ರಮಣನಿಗೆ ಕನ್ನಡಕ ಹಾಕಿಸಿ "ಟೆಸ್ಟಿಂಗ್" ಅನ್ನಿಸಿದೆ. ಶಂಕರ ಬಗ್ಗಿ ನೋಡಿದ, ಎದ್ದ, ನನ್ನ ಹೆಗಲ ಮೇಲೆ ಕೈ ಇಟ್ಟ. "ಅದೇ ನಾ ಹೇಳೋದು ಭಾವ. ನಿನ್ನೆ ನೋಡಿದ್ದಕ್ಕೂ ಇದಕ್ಕೂ ಒಂದು ನೂಲಿನಷ್ಟು ಫರಕಿಲ್ಲ. ಎರಡಕ್ಕೂ ಒಂದೇ ಚಾಸಿ. ನಿಮ್ಮ ಪತ್ರಿಕೆಯವರು ಬರೆದದ್ದು ಸರಿ." ವೆಂಕ್ಟ್ರಮಣನ ಬಗ್ಗೆ ಕೇಳಿದ್ರೆ, ಹಿಂದಿಯವನು ಸ್ವಲ್ಪ ಬೆಳ್ಳಗಿದ್ದ ಅಂದ. ಮೂವತ್ತು ವರ್ಷ ನಾನು ಜನರನ್ನ ನಂಬಿಸಿದ್ದೇನೆ, ಆದ್ರೆ ನಂಬಿದ್ದನ್ನ ಬಿಡಿಸುವ ಉಪಕರಣ ನನ್ನ ಶೆಡ್ಡಿನಲ್ಲಿ ಇಲ್ಲ.

ಮೂರನೇ ದಿನ ಅತ್ತೆ ಹೇಳಿ ಕಳಿಸಿದ್ರು. ಹೋದೆ. ಜಗಲಿಯಲ್ಲಿ ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ರು. ಬೈಗಳ ತಿನ್ನಲಿಕ್ಕೆ ತಯಾರಾಗಿಯೇ ಹೋಗಿದ್ದೆ.

"ಅಳಿಯಂದಿರೇ, ಆ ಕರಿ ಗಾಡಿ ಇದೆಯಲ್ಲ, ಅದಕ್ಕೆ ಕಿಟಕಿ ಇದೆಯಾ?"

"ಕಿಟಕಿ ಎಂತದು ಅತ್ತೆ, ಅದಕ್ಕೆ ಗೋಡೆಯೇ ಇಲ್ಲ. ಬರೀ ಪ್ಲಾಸ್ಟಿಕ್ಕು."

"ಗಾಳಿ ಬರ್ತದಲ್ಲ, ಆತು. ಎತ್ತರಕ್ಕೆ ಒಂದು ಕುರ್ಚಿ ಇಡಿ. ಶಂಕರಂಗೆ ಇನ್ನು ಮುಂದಿನ ಮಾಡೆಲ್ಲು ಬೇಕು, ಅದರ ಮುಂದಿನದ್ದು ಬೇಕು. ಅಕ್ಕನ ಕಣ್ಣಿಗೆ ಮುಂದಿನ ಮಾಡೆಲ್ಲಿಲ್ಲ."

ನಾನು ತುಂಬ ಜನರಿಗೆ ಗಾಡಿ ಕಟ್ಟಿ ಕೊಟ್ಟಿದ್ದೇನೆ, ಆ ಎರಡು ದಿನ ಕಟ್ಟಿದ ಹಾಗೆ ಯಾವತ್ತೂ ಕಟ್ಟಿಲ್ಲ. ನಮ್ಮ ಬೆತ್ತದ ಕುರ್ಚಿಯನ್ನ ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದೆ, ಅಡಿಗೆ ಹಳೇ ಟ್ಯೂಬಿನ ರಬ್ಬರು ಕೊಟ್ಟೆ. ಹತ್ತಲಿಕ್ಕೆ ಹಲಗೆಯ ಇಳಿಜಾರು ಮಾಡಿ, ಕಾಲು ಜಾರಬಾರದು ಅಂತ ಅದಕ್ಕೆ ಗೋಣಿ ಹೊಡೆದೆ. ತಗಡು ಬಡಿಯಲಿಕ್ಕೆ ಸಮಯ ಇರಲಿಲ್ಲ, ಮಳೆ ಬೇರೆ, ಪ್ಲಾಸ್ಟಿಕ್ಕು ಟೇಪು ಎಲ್ಲ ಹಾಗೇ ಇತ್ತು. ನಾನು ಸ್ಟೇರಿಂಗಿಗೆ, ಅತ್ತೆ ಕುರ್ಚಿಗೆ, ಸುಮಿತ್ರ ಪಕ್ಕದಲ್ಲಿ ಒಂದು ಬಕೆಟ್ ಹಿಡಿದುಕೊಂಡು. ಬಕೆಟ್ ಖಾಲಿಯೇ ಉಳೀತು. ಅತ್ತೆ ಪ್ಲಾಸ್ಟಿಕ್ ಸರಿಸಿ ದಾರಿಯುದ್ದಕ್ಕೂ ಹೊರಗೆ ನೋಡ್ತಾ, ಶರಾವತಿ ಸೇತುವೆ ಮೇಲೆ "ನಿಧಾನ ಹೋಗಿ, ನೀರು ನೋಡಬೇಕು" ಅಂದ್ರು. ಭಟ್ಕಳದಲ್ಲಿ ಚಾ ಕುಡಿಯಲಿಕ್ಕೆ ನಿಲ್ಲಿಸಿದ್ರೆ ಮತ್ತೆ ಜನ ಸೇರಿದ್ರು. ಗಲ್ಫಿನಿಂದ ರಜೆಗೆ ಬಂದ ಒಬ್ಬರು ಗಾಡಿಗೆ ಒಂದು ಸುತ್ತು ಹಾಕಿ, "ಇದಾ? ಇದು ದುಬೈಯಲ್ಲಿ ಬಂದು ಆರು ತಿಂಗಳಾಯ್ತು. ನನ್ನ ಸೇಠ್ ಹತ್ರ ಎರಡಿದೆ" ಅಂದ್ರು. ನನಗೆ ಅವರ ಕಾಲು ಮುಟ್ಟಬೇಕು ಅನ್ನಿಸ್ತು.

ಬೆಳಕೆಯಲ್ಲಿ ಅಕ್ಕ ಅಂಗಳದ ಮಾಡಿನ ಕೆಳಗೆ ಮಣೆ ಹಾಕಿ ಕೂತಿದ್ರು. ಅತ್ತೆ ಹಲಗೆ ಮೇಲಿಂದ ಇಳಿದು ನಿಧಾನ ಹೋಗಿ ಎದುರು ನಿಂತ್ರು.

"ಯಾರು?"

"ನಾನು, ಅಕ್ಕ."

ಆ ಅಜ್ಜಿ ಎರಡೂ ಕೈಯಿಂದ ತಂಗಿಯ ಮುಖ ಹಿಡಿದು, ಎಡಗಣ್ಣಿನ ಹತ್ರ ತಂದು, ಸೀರೆಯ ಬಣ್ಣ ನೋಡುವವರು ಬೆಳಕಿಗೆ ಹಿಡೀತಾರಲ್ಲ, ಹಾಗೆ ಆಚೆ ಈಚೆ ತಿರುಗಿಸಿ ನೋಡಿದ್ರು. ತುಂಬ ಹೊತ್ತು ನೋಡಿದ್ರು.

"ಮುದುಕಿ ಆಗಿದ್ದೀಯಲೇ."

"ನೀ ಎಂತ ಸಣ್ಣವಳಾ?"

ಇಬ್ಬರೂ ನಕ್ಕರು. ಸುಮಿತ್ರ ಬಕೆಟ್ ಹಿಡಿದುಕೊಂಡೇ ಅಳಲಿಕ್ಕೆ ಶುರು ಮಾಡಿದ್ಲು. ಆಮೇಲೆ ಅಕ್ಕ ರಸ್ತೆ ಕಡೆ ಮುಖ ಮಾಡಿ, "ಅಲ್ಲಿ ಎಂತದೋ ದೊಡ್ಡದು ಕಪ್ಪಗೆ ನಿಂತಿದೆ. ಶಂಕರ ಹೇಳ್ತಿದ್ದ ಗಾಡಿ ಅದೇಯಾ?" ಅಂತ ಕೇಳಿ, ಕೈ ಹಿಡಿಸ್ಕೊಂಡು ಬಂದು ಪ್ಲಾಸ್ಟಿಕ್ಕನ್ನ ಸವರಿದ್ರು. "ಎಷ್ಟು ನುಣ್ಣಗಿದೆ!" ಅಂದ್ರು. ನಾನು ಹೇಳಬೇಕು ಅಂತ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದ್ರು, "ಅದೇ ಗಾಡಿ, ಅಕ್ಕ. ಆದ್ರೆ ಶಂಕರಂದಲ್ಲ. ಅಳಿಯಂದಿರು ನನ್ನನ್ನ ನಿನ್ನ ಹತ್ರ ಕರ್ಕೊಂಡು ಬರಬೇಕು ಅಂತ ತಾವೇ ಕೂತು ಕಟ್ಟಿದ್ದು. ಮೂರು ವರ್ಷದಿಂದ ಇದಕ್ಕೇ ಒದ್ದಾಡ್ತಾ ಇದ್ರು, ಪಾಪ."

ಸುಮಿತ್ರ ಅಳೋದು ನಿಲ್ಲಿಸಿ ನನ್ನ ಮುಖವನ್ನೇ ನೋಡಿದ್ಲು. ನನ್ನ ಬಗ್ಗೆ ಇಷ್ಟು ದೊಡ್ಡ ಸುಳ್ಳು ಈ ಕರಾವಳಿಯಲ್ಲಿ ಯಾರೂ ಹೇಳಿದ್ದಿಲ್ಲ, ನಾನೇ ಹೇಳಿಕೊಂಡದ್ದಿಲ್ಲ. ಅತ್ತೆಯ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ತಿದ್ದಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಬಂದವರಿಗೆ ಕೊಡುವ ಬೆಲ್ಲ ನೀರು ಒಳಗಿನಿಂದ ಬಂತು. ಆ ಅಜ್ಜಿ ಒಂದು ಕೈಯಲ್ಲಿ ನನ್ನ ಗಲ್ಲ ತಡಕಿ, ತೆರೆದೇ ಇದ್ದ ಬಾಯಿ ಸಿಕ್ಕಿದ್ದೇ, ಇನ್ನೊಂದು ಕೈಯಿಂದ ದೊಡ್ಡ ಬೆಲ್ಲದ ತುಂಡನ್ನ ಒಳಗೆ ಇಟ್ಟರು. ಬೆಲ್ಲ ಗಟ್ಟಿ ಇತ್ತು. ಅದು ಕರಗುವ ಹೊತ್ತಿಗೆ ಮಾತು ಬೇರೆ ಕಡೆ ಹೋಗಿತ್ತು.